‘ಷಿಬೊಲೆತ್’ – ಒಂದು ಶಬ್ದ, ಒಂದು ವಿಚಾರ

ಆಂಗ್ಲ ಭಾಷೆಯು ಪರಭಾಷೆಗಳಿಂದ ತಂದು ತನ್ನದಾಗಿಸಿಕೊಂಡ ಶಬ್ದಗಳು ಅಸಂಖ್ಯ. ಅವುಗಳಲ್ಲಿ ಅಪರೂಪವಾಗಿ ಕಿವಿಗೆ ಬೀಳುವ ಒಂದು ಶಬ್ದ ‘ಷಿಬೊಲೆತ್’. ನಮ್ಮವರಾರು, ಹೊರಗಿನವರಾರು ಎಂಬುದನ್ನು ಬಯಲುಮಾಡುವ ಮಾತು, ಉಚ್ಚಾರ ಅಥವಾ ರೂಢಿ ಎಂದು ಅದರ ಅರ್ಥ. ತಿರುಳು ಬತ್ತಿಹೋದರೂ ಒಂದು ಪಂಗಡದವರು ಬಿಡದೆ ಜಪಿಸುವ ಘೋಷಣೆ ಎಂಬ ಅರ್ಥವೂ ಅದಕ್ಕುಂಟು. ಈ ಶಬ್ದದ ತವರು ಇಂಗ್ಲೆಂಡಲ್ಲ, ಹೀಬ್ರೂ ಭಾಷೆ. ಅಲ್ಲಿ ಅದಕ್ಕೆ ಧಾನ್ಯದ ತೆನೆ ಎಂದು ಅರ್ಥ. ಹರಿಯುವ ಹೊಳೆ ಎಂದೂ ಅರ್ಥವಿದೆ. ಹೊಟ್ಟೆಗೆ ಅನ್ನ ಕೊಡುವ ತೆನೆಯ ಹೆಸರು ಮನುಷ್ಯರನ್ನು ಬೇರ್ಪಡಿಸುವ ಕತ್ತಿಯಾದ ಬಗೆ ಹೇಗೆ?

ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ, ನ್ಯಾಯಸ್ಥಾಪಕರ ಗ್ರಂಥದ ೧೨ನೆಯ ಅಧ್ಯಾಯದಲ್ಲಿ ಆ ಕಥೆಯಿದೆ. ಗಿಲ್ಯಾದ್ಯರಿಗೂ ಎಫ್ರಾಯಿಮ್ಯರಿಗೂ ಯುದ್ಧವಾಯಿತು. ಸೋತ ಎಫ್ರಾಯಿಮ್ಯರು ತಮ್ಮ ನಾಡಿಗೆ ಮರಳಲು ಯೊರ್ದನ್ ಹೊಳೆಯನ್ನು ದಾಟಬೇಕಾಗಿತ್ತು. ಗೆದ್ದವರು ಹಾಯ್ಗಡಗಳನ್ನು ಹಿಡಿದು ನಿಂತು, ಬಂದವರಿಗೆಲ್ಲ ‘ಷಿಬೊಲೆತ್’ ಎನ್ನಲು ಹೇಳಿದರು. ಎಫ್ರಾಯಿಮ್ಯರ ನಾಲಗೆಗೆ ‘ಷ’ಕಾರ ಒಗ್ಗದು, ಅವರು ‘ಸಿಬೊಲೆತ್’ ಎಂದರು. ಅಂದವರನ್ನು ಅಲ್ಲಿಯೇ ಕೊಂದರು. ಆ ಕಾಲದಲ್ಲಿ ೪೨,೦೦೦ ಮಂದಿ ಸತ್ತರೆಂದು ಗ್ರಂಥ ಹೇಳುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಇವರೀರ್ವರೂ ಇಸ್ರಾಯೇಲ್ಯರೇ, ಒಂದೇ ಭಾಷೆಯವರು. ಇಬ್ಬರ ನಡುವಿನ ಅಂತರ ಒಂದೇ ಒಂದು ಅಕ್ಷರ!

ಇದು ಪುರಾಣಕಾಲಕ್ಕೆ ಮುಗಿದ ಮಾತಲ್ಲ. ೧೩೦೨ರಲ್ಲಿ ಬ್ರೂಜ್ ನಗರದ ಫ್ಲೆಮಿಶ್ ಜನರು ಫ್ರೆಂಚರ ಮೇಲೆ ದಂಗೆಯೆದ್ದಾಗ, ‘ಗುರಾಣಿ ಮತ್ತು ಮಿತ್ರ’ ಎಂಬರ್ಥದ ತಮ್ಮ ಭಾಷೆಯ ಮಾತನ್ನು ಸರಿಯಾಗಿ ಉಚ್ಚರಿಸಲಾರದವರನ್ನು ಕೊಂದರೆಂದು ಪ್ರತೀತಿ. ೧೯೩೭ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ತ್ರುಹಿಯೊನ ಆಜ್ಞೆಯಂತೆ ಗಡಿಪ್ರದೇಶದಲ್ಲಿ ಸಾವಿರಾರು ಹೈಟಿಯನರ ಕೊಲೆಯಾಯಿತು. ಅಲ್ಲಿಯೂ ಒಂದು ಸೊಪ್ಪನ್ನು ತೋರಿಸಿ ಅದರ ಸ್ಪ್ಯಾನಿಷ್ ಹೆಸರನ್ನು ಹೇಳಿಸಿದರಂತೆ. ‘ರ’ಕಾರ ಸ್ಪ್ಯಾನಿಷರಂತೆ ಹೊರಡದಿದ್ದರೆ ಸಾವು.

ನಮ್ಮಲ್ಲಿ ಅಂಥ ಕ್ರೌರ್ಯವಿಲ್ಲ, ನಿಜ. ಆದರೆ ಹೊಳೆಯ ದಾರಿ ಕಾಯುವವರು ಇಲ್ಲವೇ? ನಾನು ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ನಮ್ಮೂರಿನಲ್ಲಿ ಹಸು ಕೊಡುವುದು ‘ಆಲು’. ಬಳ್ಳಿಯಲ್ಲಿ ಅರಳುವುದು ‘ಊವು’. ನನ್ನ ತಾಯಿ ಹಾಗೆಯೇ ಅನ್ನುತ್ತಾಳೆ. ಊರಿನಿಂದ ನನ್ನ ಜೊತೆಗೆ ಬಂದ ಗೆಳೆಯನೊಬ್ಬನು ಒಂದು ಚರ್ಚಾಸ್ಪರ್ಧೆಯಲ್ಲಿ ‘ಹಕ್ಕಿ’ ಎನ್ನಬೇಕಾದಲ್ಲಿ ‘ಅಕ್ಕಿ’ ಎಂದನು. ಸಭೆ ನಕ್ಕಿತು. ಅವನ ವಾದದ ಸತ್ತ್ವವನ್ನು ಯಾರೂ ತೂಗಿ ನೋಡಲಿಲ್ಲ. ಆ ದಿನದಿಂದ ಅವನು ವೇದಿಕೆ ಹತ್ತಿಲ್ಲ. ತರಗತಿಯಲ್ಲಿಯೂ ಪ್ರಶ್ನೆ ಕೇಳುವುದಿಲ್ಲ. ನಾವು ಒಬ್ಬ ವಾಗ್ಮಿಯನ್ನು ಕಳೆದುಕೊಂಡೆವೆಂದು ನಾನು ಬಲ್ಲೆ. ಏಕೆಂದರೆ ಕೊಠಡಿಯಲ್ಲಿ ರಾತ್ರಿಯಿಡೀ ಅವನ ಮಾತು ಕೇಳಿದವನು ನಾನು.

ನಗುವವರು ನಮ್ಮ ಭಾಷೆಯ ಚರಿತ್ರೆಯನ್ನೊಮ್ಮೆ ನೋಡಬೇಕು. ಪಂಪನ ಕಾಲದ ಕನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹಲ್ಲು ‘ಪಲ್’, ಹೂವು ‘ಪೂ’. ಕಾಲಕ್ರಮದಲ್ಲಿ ‘ಪ’ಕಾರ ‘ಹ’ಕಾರವಾಯಿತು. ಹಳಗನ್ನಡದ ಕಿವಿಗೆ ನಮ್ಮ ‘ಹಾಲು’ ಕೂಡ ಅಪಭ್ರಂಶವೇ ಸರಿ! ‘ಪಾಲು’ ‘ಹಾಲಾ’ದ ದಾರಿಯಲ್ಲಿ ನನ್ನ ತಾಯಿ ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದಾಳೆ, ಅಷ್ಟೆ. ಇನ್ನು ಇಂಗ್ಲಿಷಿನಲ್ಲಿ ಗಂಟೆಗೆ ಇರುವ ಶಬ್ದವನ್ನು ಬರೆಯುವಾಗ ಮೊದಲಿಗೆ ‘ಹ’ಕಾರವಿದೆ, ಓದುವಾಗ ಇಲ್ಲ. ಅದನ್ನು ‘ಅವರ್’ ಎನ್ನುವವನು ಸುಶಿಕ್ಷಿತ. ‘ಆಲು’ ಎನ್ನುವವಳು ಗಮಾರಳು! ಇದು ಯಾವ ನ್ಯಾಯ?

ಹಾಗಾದರೆ ಶುದ್ಧ ಉಚ್ಚಾರವೇ ಬೇಡವೇ ಎಂದು ಉಪನ್ಯಾಸಕರು ಕೇಳಬಹುದು. ಬೇಕು. ನಾಡಿನ ಎಲ್ಲ ಭಾಗದವರೂ ಪರಸ್ಪರ ಅರಿಯಲು ಸಮಾನವಾದ ಶಿಷ್ಟರೂಪವೊಂದು ಅವಶ್ಯ. ‘ಅಕ್ಕಿ’ಗೂ ‘ಹಕ್ಕಿ’ಗೂ ಭೇದ ತಿಳಿಯದಿದ್ದರೆ ಅರ್ಥವೇ ಕೆಡುವುದುಂಟು. ನಾಳೆ ಮೇಷ್ಟ್ರಾಗಬೇಕೆಂದಿರುವ ನಾನೂ ಅದನ್ನು ಶ್ರಮಪಟ್ಟು ಕಲಿತಿದ್ದೇನೆ. ಆದರೆ ಕಲಿಸುವುದು ಬೇರೆ, ಜರಡಿ ಹಿಡಿಯುವುದು ಬೇರೆ. ತಿದ್ದುವವನು ದೋಣಿಗೆ ಕರೆಯುತ್ತಾನೆ. ನಗುವವನು ದಂಡೆಯಲ್ಲಿಯೇ ನಿಲ್ಲಿಸುತ್ತಾನೆ. ಉಚ್ಚಾರವು ಬಾಲ್ಯದಲ್ಲಿ ಯಾರ ಮಡಿಲಲ್ಲಿ ಬೆಳೆದೆವು ಎಂಬುದನ್ನು ಹೇಳುತ್ತದೆಯೇ ಹೊರತು ಬುದ್ಧಿಯೆಷ್ಟು ಎಂಬುದನ್ನು ಹೇಳುವುದಿಲ್ಲ.

ಸರ್ಕಾರಿ ಕಾಲೇಜೆಂಬುದು ಹೊಳೆ ದಾಟಿಸುವುದಕ್ಕಾಗಿಯೇ ಇರುವ ಹರಿಗೋಲು. ಆದುದರಿಂದ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ವಿನಂತಿ ಇಷ್ಟೆ: ಚರ್ಚಾಸ್ಪರ್ಧೆಯಲ್ಲಿ ಮೊದಲು ವಿಚಾರಕ್ಕೆ ಅಂಕ ಕೊಡಿ, ಉಚ್ಚಾರದ ತಪ್ಪನ್ನು ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳಿ. ಮುಂದಿನ ಜೂನಿನಲ್ಲಿ ಹಳ್ಳಿಗಳಿಂದ ಹೊಸಬರು ಬರುತ್ತಾರೆ. ಅವರಲ್ಲೊಬ್ಬನು ಎದ್ದು ನಿಂತು ‘ಆಲು’ ಎಂದರೆ, ಅವನ ವಾಕ್ಯ ಪೂರ್ತಿಯಾಗುವವರೆಗೆ ದಯವಿಟ್ಟು ಕೇಳಿ.