ಗಜಕರ್ಣಕ್ಕೆ ಸರಿಯಾದ ಔಷಧ ಒದಗಿಸುವ ಕುರಿತು ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಬೆಳಗಾವಿ.

ಇಂದ: ಬೆಳಗಾವಿ ನಗರ ಹಾಗೂ ಖಾನಾಪುರ ತಾಲೂಕಿನ ನಾಗರಿಕರು

ವಿಷಯ: ಚರ್ಮದ ಗಜಕರ್ಣಕ್ಕೆ ಪರೀಕ್ಷೆ ನಡೆಸಿ ಪೂರ್ಣಾವಧಿ ಔಷಧ ನೀಡುವುದು ಮತ್ತು ಸ್ಟೆರಾಯ್ಡ್ ಬೆರೆತ ಮುಲಾಮುಗಳು ಚೀಟಿ ಇಲ್ಲದೆ ಮಾರಾಟವಾಗುವುದನ್ನು ತಡೆಯುವುದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ, ಲೋಂಡಾ ಭಾಗದಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವು ಕೊಡುವುದು ಅಪರೂಪ. ಭತ್ತದ ನಾಟಿ ನಡೆಯುವುದು ಒದ್ದೆ ಬಟ್ಟೆಯಲ್ಲೇ. ಒಗೆದು ಹಾಕಿದ ಒಳಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಇತ್ತ ನಗರದಲ್ಲಿ ಉದ್ಯಮಬಾಗದ ಫೌಂಡ್ರಿಗಳ ಕಾವು, ವಡಗಾವಿ ಮತ್ತು ಶಹಾಪುರದ ಮಗ್ಗದ ಮನೆಗಳ ಸೆಕೆ. ಎರಡೂ ಕಡೆ ಗಜಕರ್ಣ, ಅಂದರೆ ಹುಳಕಡ್ಡಿ, ತೊಡೆಸಂದಿಯಿಂದ ಸೊಂಟಕ್ಕೆ, ಒಬ್ಬರಿಂದ ಮನೆಮಂದಿಗೆಲ್ಲ ಹಬ್ಬುತ್ತಿದೆ. ಹೇಳಿಕೊಳ್ಳಲು ನಾಚಿಕೆಯಾಗುವ ಜಾಗವಾದ್ದರಿಂದ ಜನ ದವಾಖಾನೆಗಿಂತ ಮೊದಲು ಮೆಡಿಕಲ್ ಅಂಗಡಿಗೆ ಹೋಗುತ್ತಾರೆ.

ಅಲ್ಲಿ ಕೈಗೆ ಬರುವುದು ಸಾಮಾನ್ಯವಾಗಿ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್‌ನಂಥ ಸ್ಟೆರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಟ್ಯೂಬ್. ಹಚ್ಚಿದ ಎರಡು ಮೂರು ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಮಾಯವಾಗುತ್ತದೆ. ಗುಣವಾಯಿತೆಂದು ಬಿಟ್ಟರೆ ಮೊದಲಿನ ಎರಡರಷ್ಟಾಗಿ ಮರಳುತ್ತದೆ. ಸ್ಟೆರಾಯ್ಡ್ ಚರ್ಮದ ಪ್ರತಿರೋಧವನ್ನೇ ಅಡಗಿಸುವುದರಿಂದ ಶಿಲೀಂಧ್ರಕ್ಕೆ ದಾರಿ ಸುಗಮ. ಉಂಗುರದ ಆಕಾರವೂ ಕೆಟ್ಟು, ವೈದ್ಯರಿಗೇ ಗುರುತು ಹತ್ತುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯ ಚರ್ಮ ತೆಳುವಾಗಿ ಬಿರುಕಿನ ಗೆರೆಗಳು ಬೀಳುತ್ತವೆ. ಆ ಗೆರೆ ಮತ್ತೆ ಅಳಿಸುವುದಿಲ್ಲ. ಇಂಥ 14 ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 2018ರ ಮಾರ್ಚ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ನಮ್ಮ ಓಣಿಯ ಅಂಗಡಿಗಳಲ್ಲಿ ಇಂದಿಗೂ ಚೀಟಿ ಕೇಳುವವರು ವಿರಳ.

ಹಾಗಾದರೆ ಯಾವ ಔಷಧ ಸರಿ? ಇದು ಮೊದಲಿನಷ್ಟು ಸುಲಭದ ಪ್ರಶ್ನೆಯಾಗಿ ಉಳಿದಿಲ್ಲ. ನಮ್ಮ ದೇಶದಲ್ಲಿ ಹರಡಿರುವ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟನ್ ಇಂಡೋಟಿನಿಯೆ ಎಂಬ ಹೊಸ ಹೆಸರೇ ಬಂದಿದೆ; 2023ರಲ್ಲಿ ಅದು ನ್ಯೂಯಾರ್ಕ್‌ನಲ್ಲೂ ವರದಿಯಾಯಿತು. ಟರ್ಬಿನಾಫಿನ್ ಮಾತ್ರೆಗೆ ಇದು ಅನೇಕ ಸಲ ಬಗ್ಗುವುದಿಲ್ಲ. ವಾರಾಣಸಿಯಲ್ಲಿ 200 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 8 ವಾರ ಮಾತ್ರೆ ಕೊಟ್ಟಾಗ ಗುಣವಾದವರು ಇಟ್ರಾಕೊನಜೋಲ್‌ನಿಂದ ಶೇ. 66, ಫ್ಲುಕೊನಜೋಲ್‌ನಿಂದ ಶೇ. 42, ಟರ್ಬಿನಾಫಿನ್‌ನಿಂದ ಶೇ. 28, ಗ್ರೈಸಿಯೋಫುಲ್ವಿನ್‌ನಿಂದ ಕೇವಲ ಶೇ. 14. ಹಾಗೆಂದು ಎಲ್ಲರಿಗೂ ಇಟ್ರಾಕೊನಜೋಲ್ ಕೊಡಿ ಎಂಬುದು ನಮ್ಮ ಬೇಡಿಕೆಯಲ್ಲ. ಹೃದಯದ ದುರ್ಬಲತೆ ಇರುವವರಿಗೆ, ಗರ್ಭಿಣಿಯರಿಗೆ ಅದು ಸಲ್ಲದು. ಯಕೃತ್ತಿನ ತೊಂದರೆ ಇದ್ದರೆ ಅಪಾಯ. ಕೊಲೆಸ್ಟ್ರಾಲ್, ರಕ್ತ ತೆಳುಗೊಳಿಸುವ ಮುಂತಾದ ಮಾತ್ರೆಗಳೊಂದಿಗೆ ಹೊಂದುವುದಿಲ್ಲ. ಒಂದೆರಡು ಸಣ್ಣ ಮಚ್ಚೆಗಳಿಗೆ ಮಾತ್ರೆಯೇ ಬೇಕಿಲ್ಲ, ಸ್ಟೆರಾಯ್ಡ್ ಇಲ್ಲದ ಕ್ಲೋಟ್ರಿಮಜೋಲ್‌ನಂಥ ಸಾದಾ ಮುಲಾಮು ಸಾಕು. ಈ ಆಯ್ಕೆ ಮಾಡಬೇಕಾದವರು ವೈದ್ಯರು, ಅದೂ ಪರೀಕ್ಷಿಸಿದ ನಂತರ. ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಮೊದಲನೆಯದು ಪರೀಕ್ಷೆ. ಮಚ್ಚೆಯ ಅಂಚಿನ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿ ನೋಡಿದರೆ ಶಿಲೀಂಧ್ರದ ಎಳೆ ಅರ್ಧ ಗಂಟೆಯೊಳಗೆ ಕಾಣುತ್ತದೆ. ಕಫ ಮತ್ತು ಮಲೇರಿಯಾ ಪರೀಕ್ಷೆಗೆಂದು ಇರುವ ಸೂಕ್ಷ್ಮದರ್ಶಕವೇ ಸಾಕು, ಹೊಸ ಯಂತ್ರ ಬೇಡ. ಖಾನಾಪುರದ ತಾಲೂಕು ಆಸ್ಪತ್ರೆಯಲ್ಲಿ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಆರಂಭಿಸಬೇಕು. ಪ್ರಯೋಗಾಲಯ ತಂತ್ರಜ್ಞರಿಗೆ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಚರ್ಮರೋಗ ವಿಭಾಗದಿಂದ ತರಬೇತಿ ಕೊಡಿಸಬೇಕು.

ಎರಡನೆಯದು ಔಷಧದ ಪ್ರಮಾಣ. ನಾಲ್ಕು ಅಂಗೈಯಷ್ಟು ಜಾಗಕ್ಕೆ ಒಮ್ಮೆ ಹಚ್ಚಲು ಸುಮಾರು 1 ಗ್ರಾಂ ಮುಲಾಮು ಬೇಕು. ದಿನಕ್ಕೆ ಎರಡು ಸಲ, ನಾಲ್ಕು ವಾರ ಎಂದರೆ 56 ಗ್ರಾಂ. ಕೈಗೆ 15 ಗ್ರಾಂ ಟ್ಯೂಬ್ ಒಂದನ್ನು ಕೊಟ್ಟು ಕಳಿಸಿದರೆ ಅದು ಒಂದು ವಾರದಲ್ಲಿ ಮುಗಿಯುತ್ತದೆ, ರೋಗಿ ಮತ್ತೆ ಅದೇ ಅಂಗಡಿಗೆ ನಡೆಯುತ್ತಾನೆ. ಮಚ್ಚೆ ಮಾಯವಾದ ನಂತರವೂ ಎರಡು ವಾರ, ಅಂಚಿನಿಂದ ಎರಡು ಬೆರಳು ಹೊರಗಿನವರೆಗೂ ಹಚ್ಚಬೇಕಾಗುವುದರಿಂದ ಪೂರ್ಣಾವಧಿಯ ಮುಲಾಮು, ಅಗತ್ಯವಿದ್ದವರಿಗೆ ಮಾತ್ರೆ, ಸರ್ಕಾರಿ ದಾಸ್ತಾನಿನಿಂದಲೇ ಸಿಗಬೇಕು. ಮನೆಯಲ್ಲಿ ರೋಗ ಇರುವ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಒಬ್ಬರನ್ನು ಬಿಟ್ಟರೂ ಉಳಿದವರ ಖರ್ಚು ವ್ಯರ್ಥ.

ಮೂರನೆಯದಾಗಿ, ಚೀಟಿ ಇಲ್ಲದೆ ಸ್ಟೆರಾಯ್ಡ್ ಮುಲಾಮು ಮಾರುವ ಅಂಗಡಿಗಳನ್ನು ಔಷಧ ನಿಯಂತ್ರಣ ಅಧಿಕಾರಿಗಳೊಂದಿಗೆ ತಪಾಸಣೆ ಮಾಡಿ ಕ್ರಮ ಜರುಗಿಸಬೇಕು. ಟ್ಯೂಬ್ ಮೇಲಿನ ಬರಹ ಇಂಗ್ಲಿಷಿನಲ್ಲಿ, ಅದೂ ಭೂತಗನ್ನಡಿ ಬೇಡುವಷ್ಟು ಸಣ್ಣದು. ಆದಕಾರಣ ಬಳಸುವ ಕ್ರಮವನ್ನು ಕನ್ನಡ ಮತ್ತು ಮರಾಠಿಯಲ್ಲಿ ಮುದ್ರಿಸಿ ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ತಲುಪಿಸಬೇಕು.

ಕೊನೆಯದಾಗಿ, ಸರ್ಕಾರಿ ವಿದ್ಯಾರ್ಥಿ ನಿಲಯಗಳಲ್ಲಿ ಮಳೆಗಾಲದ ಆರಂಭದಲ್ಲೇ ಚರ್ಮ ತಪಾಸಣೆ ನಡೆಯಬೇಕು. ಬಟ್ಟೆ ಒಣಗಿಸಲು ಮಾಡಿನ ಜಾಗ, ಪ್ರತಿ ಮಗುವಿಗೂ ಬೇರೆ ಟವೆಲ್ ಇರುವಂತೆ ಸಂಬಂಧಿಸಿದ ಇಲಾಖೆಗಳಿಗೆ ತಾವು ಪತ್ರ ಬರೆಯಬೇಕು.

ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಈ ಬಗ್ಗೆ ಲಿಖಿತ ಆದೇಶ ಹೊರಡಿಸಿ, ಅದರ ಪ್ರತಿಯನ್ನು ನಮಗೂ ಒದಗಿಸಬೇಕೆಂದು ವಿನಂತಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ನಾಗರಿಕರು
ಸ್ಥಳ: ಬೆಳಗಾವಿ

ಪ್ರತಿ: ತಾಲೂಕು ಆರೋಗ್ಯಾಧಿಕಾರಿಗಳು, ಖಾನಾಪುರ, ಸಹಾಯಕ ಔಷಧ ನಿಯಂತ್ರಕರು, ಬೆಳಗಾವಿ.