ಹೋಟೆಲ್ ಕೆಲಸನಾ, ಅದೂ ಹುಡುಗಿ?

ಐಟಿ ಕಂಪನಿಯಲ್ಲಿರೋ ಮಗಳು ರಾತ್ರಿ ಒಂದು ಗಂಟೆಗೆ ಕ್ಯಾಬಲ್ಲಿ ಬಂದಿಳಿದರೆ, 'ಪಾಪ, ಯುಎಸ್ ಪ್ರಾಜೆಕ್ಟು' ಅಂತಾರೆ. ಹೋಟೆಲ್ ರಿಸೆಪ್ಷನ್‌ನಲ್ಲಿರೋ ಮಗಳು ಅದೇ ಹೊತ್ತಿಗೆ, ಅಂಥದ್ದೇ ಕ್ಯಾಬಲ್ಲಿ ಬಂದರೆ ಪಕ್ಕದ ಮನೆ ಕಿಟಕಿ ತೆರೆದುಕೊಳ್ಳುತ್ತೆ. ಪಿಯುಸಿ ಮುಗಿಸಿ 'ಹೋಟೆಲ್ ಮ್ಯಾನೇಜ್‌ಮೆಂಟ್ ಓದ್ತೀನಿ' ಅನ್ನೋ ಹುಡುಗಿಗೆ ಮೊದಲು ಎದುರಾಗೋದು ಎಂಟ್ರೆನ್ಸ್ ಪರೀಕ್ಷೆಯಲ್ಲ, ಈ ಕಿಟಕಿ.

ತಮಾಷೆ ನೋಡಿ. ಮನೆಯಲ್ಲಿ ಒಲೆ ಹೆಂಗಸರದ್ದು. ಅದೇ ಸಾರು, ಅದೇ ಪಲ್ಯ ದುಡ್ಡಿಗೆ ಅಂತಾದ ಕೂಡಲೇ ಒಲೆ ಮುಂದೆ ಭಟ್ಟರು, ಟೇಬಲ್ ಹತ್ತಿರ ಮಾಣಿ, ಗಲ್ಲಾದಲ್ಲಿ ಯಜಮಾನರು. ನಾವೆಲ್ಲ ಪ್ರೀತಿಯಿಂದ ದೋಸೆ ತಿಂದ ಹಳೇ ಹೋಟೆಲುಗಳಲ್ಲಿ ಹೆಂಗಸರು ಕಂಡಿದ್ದರೆ ಹಿಂದುಗಡೆ, ತರಕಾರಿ ಹೆಚ್ಚುತ್ತಾ, ಪಾತ್ರೆ ತೊಳೆಯುತ್ತಾ.

ಕಾನೂನೂ ಬಹಳ ಕಾಲ ಕಿಟಕಿ ಪಕ್ಷದಲ್ಲೇ ಇತ್ತು. ದೆಹಲಿಯಲ್ಲಿ 1914ರ ಪಂಜಾಬ್ ಅಬಕಾರಿ ಕಾಯ್ದೆ ಜಾರಿಯಲ್ಲಿತ್ತು. ಸಾರ್ವಜನಿಕರು ಮದ್ಯ ಕುಡಿಯುವ ಜಾಗದಲ್ಲಿ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಅನ್ನುತ್ತಿತ್ತು ಅದರ 30ನೇ ಸೆಕ್ಷನ್. ಅಂದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ ಕೈಯಲ್ಲಿದ್ದರೂ ಹುಡುಗಿಗೆ ಬಾರ್ ಒಳಗೆ ಕೆಲಸವಿಲ್ಲ! ಹೋಟೆಲ್ ಮಾಲೀಕರ ಸಂಘ ಕೋರ್ಟಿಗೆ ಹೋಯಿತು. 2007ರ ಡಿಸೆಂಬರ್‌ನಲ್ಲಿ ಅನುಜ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧ ಸಂವಿಧಾನಕ್ಕೆ ವಿರುದ್ಧ ಅಂದಿತು. ತೀರ್ಪಿನ ತಿರುಳು ಇಷ್ಟೇ: ಜಾಗ ಸುರಕ್ಷಿತ ಇಲ್ಲದಿದ್ದರೆ ಸುರಕ್ಷಿತ ಮಾಡಿ, ರಕ್ಷಣೆಯ ನೆಪದಲ್ಲಿ ಹೆಣ್ಣಿನ ಕೆಲಸ ಕಿತ್ಕೋಬೇಡಿ.

ನಮ್ಮ ರಾಜ್ಯದಲ್ಲಿ ಬದಲಾವಣೆ ಇನ್ನೂ ತಡ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಹೋಟೆಲುಗಳೂ ಅದರ ವ್ಯಾಪ್ತಿಯಲ್ಲೇ ಬರುತ್ತವೆ. ಹೆಂಗಸರ ರಾತ್ರಿ ಪಾಳಿಗೆ ಅದರಲ್ಲಿದ್ದ ಅಡ್ಡಿ ತೆಗೆದದ್ದು 2020ರ ತಿದ್ದುಪಡಿ. ಆದರೆ ಷರತ್ತುಗಳಿವೆ. ನಿಮ್ಮ ಲಿಖಿತ ಒಪ್ಪಿಗೆ ಬೇಕು, ಹೋಗಿಬರಲು ವಾಹನ ಬೇಕು, ಭದ್ರತೆ ಬೇಕು. ಒಪ್ಪಿಗೆ ಪತ್ರಕ್ಕೆ ಮಾತ್ರ ಸಹಿ ಹಾಕಿಸಿಕೊಂಡು ಕ್ಯಾಬ್ ವಿಷಯ 'ಆಮೇಲೆ ನೋಡೋಣ' ಅಂದರೆ, ನೀವೂ ಸಹಿ ಆಮೇಲೆ ನೋಡೋಣ ಅನ್ನಿ.

ಓದುವ ದಾರಿ ಕಷ್ಟದ್ದಲ್ಲ. ಪಿಯುಸಿ ಯಾವ ವಿಭಾಗದ್ದಾದರೂ ಸರಿ, ಇಂಗ್ಲಿಷ್ ಒಂದು ವಿಷಯವಾಗಿ ಓದಿರಬೇಕು. ಎನ್‌ಸಿಎಚ್‌ಎಂ ಜೆಇಇ ಬರೆದರೆ ಬೆಂಗಳೂರಿನದ್ದೂ ಸೇರಿ ದೇಶದ ಐಎಚ್‌ಎಂಗಳ ಬಾಗಿಲು ತೆರೆಯುತ್ತೆ. ಶುರುವಿನ ಸಂಬಳ ಮಾತ್ರ ಐಟಿ ಗೆಳತಿ ಮುಂದೆ ಹೇಳೋಕೆ ಸಂಕೋಚ ಆಗೋ ಹಾಗಿರಬಹುದು. ಹಬ್ಬ, ಹೊಸ ವರ್ಷ, ಲಾಂಗ್ ವೀಕೆಂಡ್, ಊರೆಲ್ಲ ರಜೆಯಲ್ಲಿರುವಾಗಲೇ ನಿಮ್ಮ ಡ್ಯೂಟಿ. ಇದನ್ನು ಮುಚ್ಚಿಟ್ಟು 'ಗ್ಲಾಮರ್ ಲೋಕ' ಅಂತ ಬ್ರೋಶರ್ ತೋರಿಸುವ ಕಾಲೇಜುಗಳ ಮೇಲೆ ನನಗೆ ನಂಬಿಕೆಯಿಲ್ಲ.

ಸೇರಿದ ಮೇಲಿನ ಆಟವೇ ಸೂಕ್ಷ್ಮ. 'ನಿಮ್ಮ ನಗು ಚೆನ್ನಾಗಿದೆ' ಅಂತ ಹುಡುಗಿಯನ್ನು ಗೆಸ್ಟ್ ರಿಲೇಶನ್ಸ್‌ಗೆ ಹಾಕ್ತಾರೆ, ಇಲ್ಲವೇ ಎಚ್‌ಆರ್‌ಗೆ. ಕೆಟ್ಟ ಕೆಲಸಗಳೇನಲ್ಲ. ಆದರೆ ಜನರಲ್ ಮ್ಯಾನೇಜರ್ ಕುರ್ಚಿಗೆ ಹೋಗುವವರು ಹೆಚ್ಚಾಗಿ ಆಪರೇಷನ್ಸ್ ಕಡೆಯಿಂದ, ಅಂದರೆ ರೂಮ್ಸ್ ಮತ್ತು ಫುಡ್ ಅಂಡ್ ಬೆವರೇಜ್‌ನಿಂದ ಹೋಗ್ತಾರೆ. ಹಾಗಾಗಿ ಟ್ರೈನಿಂಗ್ ಸಮಯದಲ್ಲೇ ಬಾಂಕ್ವೆಟ್, ಕಿಚನ್, ನೈಟ್ ಆಡಿಟ್ ಕೇಳಿ ಪಡೆಯಿರಿ. 'ನಿಮಗ್ಯಾಕಮ್ಮ ನೈಟ್ ಆಡಿಟ್ ತೊಂದರೆ' ಅಂತ ಯಾರಾದರೂ ಕನಿಕರ ತೋರಿಸಿದರೆ ಸ್ವಲ್ಪ ಹುಷಾರಾಗಿ. ಲೆಕ್ಕ ಕಲಿಯೋ ಜಾಗ ಅದು. ಇವತ್ತಿನ ಕನಿಕರ ಎಂಟು ವರ್ಷದ ನಂತರ 'ಇವರಿಗೆ ಆಪರೇಷನ್ಸ್ ಅನುಭವ ಸಾಲದು' ಅಂತ ಪ್ರಮೋಷನ್ ಲಿಸ್ಟಲ್ಲಿ ವಾಪಸ್ ಬರುತ್ತೆ.

ಇಂಟರ್‌ವ್ಯೂನಲ್ಲೇ ಬ್ರೇಕ್ ಶಿಫ್ಟ್ ಎಷ್ಟು ದಿನ ಅಂತಲೂ ಕೇಳಿ. ಮಧ್ಯಾಹ್ನ ನಾಲ್ಕು ಗಂಟೆ, ರಾತ್ರಿ ನಾಲ್ಕು ಗಂಟೆ ಕೆಲಸ, ನಡುವೆ ಎಲ್ಲಿಗೂ ಹೋಗಲಾಗದ ಬಿಡುವು. ಪುಟ್ಟ ಮಕ್ಕಳಿರೋ ತಾಯಂದಿರಿಗೆ ರಾತ್ರಿ ಪಾಳಿಗಿಂತ ಇದೇ ಕಷ್ಟ. ಹತ್ತು ಜನ ಅಥವಾ ಹೆಚ್ಚು ಸಿಬ್ಬಂದಿ ಇದ್ದರೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು, ಐವತ್ತು ಅಥವಾ ಹೆಚ್ಚು ಇದ್ದರೆ ಶಿಶುಪಾಲನಾ ಕೇಂದ್ರ. ಗೆಸ್ಟ್ ಕೈ ಹಿಡಿದು ಎಳೆದರೂ ಅದು ದೂರೇ. 'ಅತಿಥಿ ದೇವೋ ಭವ' ಅನ್ನೋದು ಅದಕ್ಕೆ ಉತ್ತರವಲ್ಲ.

ಊರು ಬಿಡಲು ಇಷ್ಟವಿಲ್ಲದವರಿಗೆ ಹೋಮ್‌ಸ್ಟೇ ಇದೆಯಲ್ಲ ಅಂತೀರಿ. ಇದೆ. ಕೊಡಗು, ಚಿಕ್ಕಮಗಳೂರಿನ ಎಷ್ಟೋ ಮನೆಗಳಲ್ಲಿ ಅತಿಥಿಗಳು ಮತ್ತೆ ಬರೋದೇ ಅಲ್ಲಿನ ಕಡುಬುಟ್ಟು, ಅಕ್ಕಿರೊಟ್ಟಿಗೆ. ಬೆಳಗ್ಗೆ ಐದಕ್ಕೆ ಎದ್ದು ಅದನ್ನು ಮಾಡೋರು, ಹಾಸಿಗೆ ಬದಲಿಸೋರು ಮನೆಯ ಹೆಂಗಸರು. ನೋಂದಣಿ ಮಾತ್ರ ಯಜಮಾನರ ಹೆಸರಲ್ಲಿ, ಬುಕಿಂಗ್ ಫೋನ್ ಅವರ ಜೇಬಲ್ಲಿ. ವಿಸ್ತರಣೆಗೆ ಬ್ಯಾಂಕ್ ಸಾಲ ಕೇಳೋ ದಿನ ಬಂದಾಗ ಆಕೆಯ ಹೆಸರಲ್ಲಿ ಆದಾಯವೂ ಇಲ್ಲ, ವ್ಯವಹಾರದ ದಾಖಲೆಯೂ ಇಲ್ಲ.

ಮುಂದಿನ ಸಲ ಹೋಮ್‌ಸ್ಟೇ ಬಿಲ್ ಕೊಡುವಾಗ ಸ್ಕ್ಯಾನ್ ಮಾಡಿದ ಕೂಡಲೇ ಫೋನಲ್ಲಿ ಯಾರ ಹೆಸರು ಬರುತ್ತೆ ಅಂತ ನೋಡಿ. ಅದು ನಿಮ್ಮಮ್ಮನೋ ಅತ್ತೆಯೋ ನಡೆಸೋ ಮನೆಯಾಗಿದ್ದರೆ, ಈ ವಾರಾಂತ್ಯ ಊರಿಗೆ ಹೋದಾಗ ಅವರನ್ನು ಬ್ಯಾಂಕಿಗೆ ಕರ್ಕೊಂಡು ಹೋಗಿ ಅವರದ್ದೇ ಖಾತೆ, ಅವರದ್ದೇ ಕ್ಯೂಆರ್ ಕೋಡ್ ಮಾಡಿಸಿ.