ರೆಪ್ಪೆಯ ಗಂಟು

ಕಳೆದ ವರ್ಷ ನಮ್ಮ ಮೊಮ್ಮಗನ ಎಡಗಣ್ಣಿನ ರೆಪ್ಪೆಯ ಅಂಚಿನಲ್ಲಿ ಕೆಂಪಾದ ಕುರುವೊಂದು ಎದ್ದು, ಹುಡುಗನು ರಾತ್ರಿಯೆಲ್ಲ ನರಳಿದನು. ಆಗಲೇ ನಮ್ಮ ಮೇಲ್ರೆಪ್ಪೆಯಲ್ಲಿಯೂ ಒಂದು ಗಂಟಿದ್ದಿತು. ಅದಕ್ಕೆ ನೋವೇ ಇರಲಿಲ್ಲ. ಮನೆಯವರು ಎರಡನ್ನೂ ಕಣ್ಣಿನ ಕುರುವೆಂದೇ ಕರೆದು, ಒಂದೇ ಉಪಚಾರವನ್ನು ನಡೆಯಿಸಿದರು.

ಸುಶ್ರುತನು ಹೀಗೆ ಬೆರಸಿದವನಲ್ಲ. ಆತನ ಸಂಹಿತೆಯ ಉತ್ತರತಂತ್ರದಲ್ಲಿ ಎಣಿಸಿರುವ 76 ನೇತ್ರರೋಗಗಳಲ್ಲಿ 21 ರೆಪ್ಪೆಗೆ ಸೇರಿದವು. ಉರಿಯೂ ಚುಚ್ಚುವಿಕೆಯೂ ಉಳ್ಳ ತಾಮ್ರವರ್ಣದ ಸಣ್ಣ ಕುರುವು 'ಅಂಜನನಾಮಿಕಾ'. ಗಟ್ಟಿಯಾಗಿ, ನೋವಿಲ್ಲದೆ, ಕೀವುಗೂಡದೆ, ಎಲಚಿಹಣ್ಣಿನ ಪ್ರಮಾಣದಲ್ಲಿರುವುದು 'ಲಗಣ'. ಈಗಿನ ವೈದ್ಯರ ಮತವೂ ಇದಕ್ಕೆ ಹತ್ತಿರವಾಗಿದೆ. ಮೊದಲನೆಯದು ಸಾಮಾನ್ಯವಾಗಿ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯವು ರೆಪ್ಪೆಗೂದಲಿನ ಬುಡವನ್ನು ಹೊಕ್ಕುದರಿಂದ ಆಗುವುದು. ಎರಡನೆಯದು ರೆಪ್ಪೆಯ ಜಿಡ್ಡಿನ ಗ್ರಂಥಿಯ ಬಾಯಿ ಮುಚ್ಚಿ, ಒಳಗಿನ ಜಿಡ್ಡು ಹೆಪ್ಪುಗಟ್ಟಿದುದರಿಂದ.

ಎರಡಕ್ಕೂ ಪ್ರಥಮೋಪಚಾರವು ಶಾಖವೇ. ಶುಚಿಯಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮುಂಗೈಗೆ ಮುಟ್ಟಿಸಿ ಬಿಸಿಯನ್ನು ಪರೀಕ್ಷಿಸಿ, ಮುಚ್ಚಿದ ಕಣ್ಣಿನ ಮೇಲೆ 10 ನಿಮಿಷ, ದಿನಕ್ಕೆ 3-4 ಸಲ ಇಡತಕ್ಕದ್ದು. ಬೆರಳನ್ನು ಅಂಗೈಯಲ್ಲಿ ಉಜ್ಜಿ ಕುರುವಿಗೆ ಒತ್ತುವ ಅಜ್ಜಿಯರ ಪದ್ಧತಿಯಲ್ಲಿ ಶಾಖದ ಮಟ್ಟಿಗೆ ಅರ್ಥವುಂಟು. ಬೆರಳಿನ ಕೊಳೆಯ ಮಟ್ಟಿಗೆ ಇಲ್ಲ. ಕುರುವನ್ನು ಹಿಸುಕಲೇ ಕೂಡದು. ರೆಪ್ಪೆಯೆಲ್ಲ ಊದಿ ಜ್ವರ ಬಂದರೆ, ಕಣ್ಣು ಹೊರಳಿಸುವಾಗ ನೋವಾದರೆ, ದೃಷ್ಟಿಯು ಮಂದವಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹುಡುಗನ ಕುರುವು ಐದನೆಯ ದಿನ ತಾನಾಗಿ ಒಡೆದು ಗುಣವಾಯಿತು. ನಮ್ಮ ಬುದ್ಧಿಯಾದರೋ ಹಾಗಿರಲಿಲ್ಲ. ಕಪಾಟಿನಲ್ಲಿ ಉಳಿದಿದ್ದ ಹಳೆಯ ಹನಿಯೌಷಧವನ್ನು ಮೂರು ವಾರ ಹಾಕಿಕೊಂಡೆವು. ಅದರಲ್ಲಿ ಸ್ಟೀರಾಯ್ಡ್ ಸೇರಿದ್ದಿತೆಂದು ಆಮೇಲೆ ತಿಳಿಯಿತು. ಅಂಥ ಹನಿಗಳು ವೈದ್ಯರ ನೋಟವಿಲ್ಲದೆ ಬಹುದಿನ ಬಿದ್ದರೆ ಕಣ್ಣಿನ ಒತ್ತಡವನ್ನು ಏರಿಸಿ, ಸದ್ದಿಲ್ಲದೆ ದೃಷ್ಟಿಯನ್ನು ತಿನ್ನಬಲ್ಲವು.

ಗಂಟನ್ನು ನೇತ್ರವೈದ್ಯರು ರೆಪ್ಪೆಯ ಒಳಮಗ್ಗುಲಿನಿಂದ ಸೀಳಿ ತೆಗೆದರು. ಆರು ತಿಂಗಳಲ್ಲಿ ಅದು ಅದೇ ಸ್ಥಳದಲ್ಲಿ ಮರಳಿತು. ಎರಡನೆಯ ಸಲ ತೆಗೆದಾಗ ಚೂರನ್ನು ಪರೀಕ್ಷೆಗೆ ಕಳುಹಿದರು. ವೃದ್ಧರಲ್ಲಿ ಜಿಡ್ಡಿನ ಗ್ರಂಥಿಯ ಅರ್ಬುದರೋಗವು ಕೆಲವೊಮ್ಮೆ ಇದೇ ವೇಷದಲ್ಲಿ ಬರುವುದಂತೆ. ವರದಿಗೆ ಎಂಟು ದಿನಗಳು ಹಿಡಿದವು. ಪಂಚಾಂಗವನ್ನು ನಂಬದ ನಾವು ಆ ಎಂಟು ದಿನಗಳೂ ಅದನ್ನು ತೆರೆದು ನೋಡಿದೆವು. ಗಂಟು ಬರಿಯ ಲಗಣವೇ ಆಗಿದ್ದಿತು.